ಹೊಸ ರೈತರ ಸಂತೆಯಲ್ಲಿ ಮೊದಲ ಸುತ್ತಿಗೇ ಚೀಲ ತುಂಬಬೇಡಿ

ಮನೆ ಹತ್ತಿರ ರೈತರ ಸಂತೆ ಶುರುವಾಗಿದೆ ಅಂದರೆ ನನಗೆ ತುಂಬಾ ಖುಷಿ. ಆದರೆ ಅಲ್ಲಿಗೆ ಮೊದಲ ಸಲ ಬಂದವರು ಕೊಳ್ಳುವ ರೀತಿ ನೋಡಿದರೆ ಸಂಕಟವಾಗುತ್ತದೆ. ಎದುರಿಗೆ ಸಿಕ್ಕ ಮೊದಲ ಅಂಗಡಿಯಲ್ಲೇ ನಿಂತು ಚೀಲ ತುಂಬಿಸಿಕೊಳ್ಳುತ್ತಾರೆ. ನಾಲ್ಕು ಹೆಜ್ಜೆ ಮುಂದೆ ಅದಕ್ಕಿಂತ ಎಳೆಯ ಬೆಂಡೆಕಾಯಿ ಕಾಣುತ್ತದೆ. ಅಷ್ಟರಲ್ಲಿ ಕೈಯಲ್ಲಿ ಜಾಗವೇ ಇರುವುದಿಲ್ಲ. ನನ್ನ ಅಕ್ಕ ಹೀಗೇ ಒಂದು ಸಲ ಮೂರು ಚೀಲ ಹೊತ್ತು ತಂದಳು. ಎರಡೇ ದಿನಕ್ಕೆ ಸೊಪ್ಪು ಹಳದಿಯಾಯಿತು. ಚೀಲದ ತಳದಲ್ಲಿದ್ದ ಟೊಮೆಟೊ ಜಜ್ಜಿ ಹೋಗಿತ್ತು. ‘ರೈತರ ಸಂತೆ ಅಂದ್ರೆ ಇಷ್ಟೇನಾ?’ ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಹೊರಡುವ ಮುಂಚೆ

ಫ್ರಿಜ್ ತೆರೆದು ಏನಿದೆ ನೋಡಿ. ಎರಡು ಬಟ್ಟೆ ಚೀಲ, ತಳ ಗಟ್ಟಿಯಿರುವ ಒಂದು ಬುಟ್ಟಿ, ಸ್ವಲ್ಪ ಚಿಲ್ಲರೆ ತೆಗೆದುಕೊಳ್ಳಿ. ಅಡುಗೆಯ ಪಟ್ಟಿ ಮಾಡಿಕೊಂಡು ಹೋಗಬೇಡಿ. ಒಂದು ಸೊಪ್ಪು, ಎರಡು ತರಕಾರಿ, ಒಂದು ಹಣ್ಣು ಅಂತ ಲೆಕ್ಕ ಇಟ್ಟುಕೊಂಡರೆ ಸಾಕು. ಯಾವುದು ಅನ್ನುವುದನ್ನು ಸಂತೆಯೇ ಹೇಳಲಿ.

ಬೆಳಿಗ್ಗೆ ಬೇಗ ಹೋಗಿ. ಸೊಪ್ಪು ಬಿಸಿಲಿಗೆ ಬಹಳ ಬೇಗ ನೀರು ಕಳೆದುಕೊಳ್ಳುತ್ತದೆ. ಸಂತೆ ಮುಗಿಯುವ ಹೊತ್ತಿಗೆ ಹೋದರೆ ಅಗ್ಗಕ್ಕೆ ಸಿಗುತ್ತದೆ ಅಂತ ಕೆಲವರು ಸಲಹೆ ಕೊಡುತ್ತಾರೆ. ಅವತ್ತೇ ಸಾರಿಗೋ ಗೊಜ್ಜಿಗೋ ಹಾಕುವ ಟೊಮೆಟೊ ಆದರೆ ಸರಿ. ಸೊಪ್ಪಿಗೆ ಮಾತ್ರ ಬೇಡವೇ ಬೇಡ.

ಹೆಜ್ಜೆ 2: ಖಾಲಿ ಕೈಯಲ್ಲಿ ಒಂದು ಸುತ್ತು

ಏನನ್ನೂ ಕೊಳ್ಳದೆ ಕೊನೆಯವರೆಗೆ ನಡೆದು ವಾಪಸ್ ಬನ್ನಿ. ಹತ್ತು ನಿಮಿಷದ ಕೆಲಸ.

ಹೆಜ್ಜೆ 3: ಬೆಳೆದವರನ್ನು ಹುಡುಕಿ

ಎಲ್ಲರೂ ಎಡವುವುದು ಇಲ್ಲೇ. ಸಂತೆಗೆ ರೈತರ ಹೆಸರಿದ್ದ ಮಾತ್ರಕ್ಕೆ ಅಲ್ಲಿ ಕೂತವರೆಲ್ಲ ತಾವೇ ಬೆಳೆದು ತಂದಿರುತ್ತಾರೆ ಅಂತಿಲ್ಲ. ಕೆಲವರು ಸಗಟು ಮಾರುಕಟ್ಟೆಯಲ್ಲಿ ಕೊಂಡು ಇಲ್ಲಿ ಮಾರುತ್ತಾರೆ. ಅದು ಕೆಟ್ಟ ಕೆಲಸವೇನಲ್ಲ, ಅವರ ಹತ್ತಿರ ಈರುಳ್ಳಿ, ಆಲೂಗೆಡ್ಡೆ ನಾನೂ ಕೊಳ್ಳುತ್ತೇನೆ. ಆದರೆ ಇವತ್ತು ಕೊಯ್ದ ಸೊಪ್ಪು ಬೇಕಾದರೆ ಬೆಳೆದವರೇ ಸಿಗಬೇಕು.

ಮೊದಲು ಕಣ್ಣಿಗೆ ಕೆಲಸ ಕೊಡಿ. ಒಂದೇ ಅಂಗಡಿಯಲ್ಲಿ ಇಪ್ಪತ್ತು ಮೂವತ್ತು ಬಗೆ ಇದ್ದು, ಹಣ್ಣಿನ ಮೇಲೆ ಸಣ್ಣ ಸ್ಟಿಕ್ಕರ್, ಪಕ್ಕದಲ್ಲಿ ಕಂಪನಿ ಹೆಸರಿನ ರಟ್ಟಿನ ಡಬ್ಬ ಇದ್ದರೆ ಅದು ಕೊಂಡು ತಂದ ಮಾಲು. ಬೆಳೆದವರ ಮುಂದೆ ಸಾಮಾನ್ಯವಾಗಿ ನಾಲ್ಕೈದು ಬಗೆ ಇರುತ್ತದೆ, ಅದೇ ಜಾಸ್ತಿ ಜಾಸ್ತಿ ಇರುತ್ತದೆ. ಒಂದೇ ಬುಟ್ಟಿಯಲ್ಲಿ ದಪ್ಪ, ಸಣ್ಣ, ಸೊಟ್ಟ ಎಲ್ಲ ಸೇರಿರುತ್ತದೆ. ಬೇರಿಗೆ ಮಣ್ಣು ಅಂಟಿರುತ್ತದೆ.

ಆಮೇಲೆ ಮಾತಾಡಿಸಿ. ‘ತಾಜಾನಾ?’ ಅಂತ ಕೇಳಿದರೆ ಯಾರು ತಾನೇ ಇಲ್ಲ ಅನ್ನುತ್ತಾರೆ? ‘ಅಮ್ಮಾ, ಇದನ್ನ ಯಾವಾಗ ಕೊಯ್ದ್ರಿ?’ ಅಂತ ಕೇಳಿ. ‘ಇದು ಯಾವ ತಳಿ?’ ‘ಇನ್ನೆಷ್ಟು ವಾರ ಬರುತ್ತೆ?’ ಅಂತ ಕೇಳಿ. ಬೆಳೆದವರು ಯೋಚಿಸುವುದೇ ಇಲ್ಲ. ನಿನ್ನೆ ಸಂಜೆ ಕೊಯ್ದದ್ದು, ಇನ್ನು ಎರಡೇ ಕೊಯ್ಲು, ಆಮೇಲೆ ಗಿಡ ಕಿತ್ತು ಬೇರೆ ಹಾಕುತ್ತೇವೆ ಅಂತ ಕೇಳದ್ದನ್ನೂ ಸೇರಿಸಿ ಹೇಳುತ್ತಾರೆ. ಕೊಂಡು ತಂದವರ ಉತ್ತರ ‘ಎಲ್ಲಾ ಫ್ರೆಶ್ಶೇ ತಗೊಳ್ಳಿ’ ಅನ್ನುವಲ್ಲಿಗೆ ನಿಲ್ಲುತ್ತದೆ.

‘ಸಾವಯವನಾ?’ ಅನ್ನುವ ಪ್ರಶ್ನೆಯಿಂದಲೂ ಹೆಚ್ಚು ತಿಳಿಯುವುದಿಲ್ಲ. ‘ಹುಳ ಬಿದ್ರೆ ಏನ್ ಹಾಕ್ತೀರಾ? ಹಾಕಿ ಎಷ್ಟು ದಿನ ಬಿಟ್ಟು ಕೊಯ್ತೀರಾ?’ ಅಂತ ಕೇಳಿ. ಕೀಟನಾಶಕ ಹೊಡೆದ ಮೇಲೆ ಕೊಯ್ಲಿಗೆ ಇಂತಿಷ್ಟು ದಿನ ಕಾಯಬೇಕು ಅಂತ ನಿಯಮ ಇರುತ್ತದೆ. ಒಂದೊಂದು ಔಷಧಿಗೆ ಒಂದೊಂದು ಲೆಕ್ಕ. ಆ ಲೆಕ್ಕವನ್ನು ಬಾಯಲ್ಲಿ ಹೇಳುವ ರೈತರ ಮೇಲೆ, ಸುಮ್ನೆ ‘ಸಾವಯವ’ ಅಂತ ಬೋರ್ಡ್ ಹಾಕಿದವರಿಗಿಂತ ನನಗೆ ನಂಬಿಕೆ ಜಾಸ್ತಿ. ಎಲೆಯಲ್ಲಿ ತೂತಿದ್ದರೆ ಔಷಧಿ ಹೊಡೆದಿಲ್ಲ ಅಂತಲೂ ಅಂದುಕೊಳ್ಳಬೇಡಿ. ಹುಳ ತಿಂದ ಮೇಲೂ ಹೊಡೆದಿರಬಹುದು, ಅಲ್ವಾ?

ಒಂದು ಮಾತು. ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಇಷ್ಟೆಲ್ಲ ಕೇಳುತ್ತಾ ನಿಲ್ಲಬೇಡಿ. ಅಂಗಡಿ ಖಾಲಿ ಇರುವಾಗ ಹೋಗಿ.

ಹೆಜ್ಜೆ 4: ಆರಿಸುವುದು

ಬೆಂಡೆಕಾಯಿಯ ತುದಿ ಮುರಿದು ನೋಡುವ ಅಭ್ಯಾಸ ದಯವಿಟ್ಟು ಬಿಡಿ. ನೀವು ಮುರಿದು ಬಿಟ್ಟುಹೋದದ್ದನ್ನು ಇನ್ಯಾರೂ ಕೊಳ್ಳುವುದಿಲ್ಲ, ನಷ್ಟ ಬೆಳೆದವರಿಗೆ. ಬೆರಳುದ್ದದ್ದನ್ನು ಆರಿಸಿ. ಅನುಮಾನ ಇದ್ದರೆ ‘ಒಂದು ಮುರಿದು ತೋರಿಸ್ತೀರಾ?’ ಅನ್ನಿ. ಅವರೇ ತೋರಿಸುತ್ತಾರೆ. ಟೊಮೆಟೊ ಹಿಸುಕುವುದೂ ಹಾಗೇ. ಒತ್ತಿದ ಜಾಗ ಅಲ್ಲೇ ಮೆತ್ತಗಾಗಿ ಕೊಳೆಯಲು ಶುರುವಾಗುತ್ತದೆ. ತೊಟ್ಟಿನ ಹತ್ತಿರ ಮೂಸಿ ನೋಡಿ. ಗಿಡದ ವಾಸನೆ ಇನ್ನೂ ಬರುತ್ತಿದ್ದರೆ ಧೈರ್ಯವಾಗಿ ಕೊಳ್ಳಿ.

ಸೊಪ್ಪಿನಲ್ಲಿ ಎಲೆಗಿಂತ ಮೊದಲು ದಂಟಿನ ಕೊಯ್ದ ತುದಿ ನೋಡಿ. ಅದು ಹಸಿಯಾಗಿರಬೇಕು. ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಕೊಯ್ದು ಬಹಳ ಹೊತ್ತಾಗಿದೆ. ಬಾಡಿದ ಸೊಪ್ಪೂ ನೀರು ಚಿಮುಕಿಸಿದರೆ ಹೊಳೆಯುತ್ತದೆ. ಆದ್ದರಿಂದ ಕಟ್ಟನ್ನು ಎತ್ತಿ ಒಮ್ಮೆ ಕೊಡವಿ. ನೀರು ಸುರಿದರೆ ಅದರ ತೂಕಕ್ಕೂ ದುಡ್ಡು ಕೊಡುತ್ತೀರಿ, ಮನೆಗೆ ಬಂದ ಮೇಲೆ ಕಟ್ಟಿನ ನಡುವೆ ಕೊಳೆಯುವುದೂ ಅಲ್ಲಿಂದಲೇ. ಎಲೆ ಸಮೇತ ಇರುವ ಕ್ಯಾರೆಟ್ ಕೊಳ್ಳುವುದು ಒಳ್ಳೆಯದು, ಎಷ್ಟು ಹಳೆಯದು ಅಂತ ಆ ಎಲೆಯೇ ಹೇಳುತ್ತದೆ. ಬದನೆಕಾಯಿಗೆ ಹೊಳಪು, ಹಸಿರು ತೊಟ್ಟು ಇರಬೇಕು. ಹಸಿರು ಬಣ್ಣಕ್ಕೆ ತಿರುಗಿದ ಆಲೂಗೆಡ್ಡೆ ಬೇಡ. ಬೆಳಕಿಗೆ ಬಿದ್ದು ಹಾಗಾಗುತ್ತದೆ, ಅದರ ಜೊತೆಗೇ ಸೋಲನೀನ್ ಅನ್ನುವ ವಿಷವೂ ಹೆಚ್ಚುತ್ತದೆ.

ಸಿಹಿ ಜೋಳದ ತೆನೆಯನ್ನು ಸಿಪ್ಪೆ ಸುಲಿಯದೆ ಕೊಳ್ಳಿ, ಅವತ್ತೇ ಬೇಯಿಸಿ. ಕಿತ್ತ ಗಳಿಗೆಯಿಂದ ಅದರ ಸಕ್ಕರೆ ಪಿಷ್ಟವಾಗುತ್ತಾ ಹೋಗುತ್ತದೆ, ಬಿಸಿಲಲ್ಲಿ ಇನ್ನೂ ಬೇಗ.

ಹಣ್ಣಿನಲ್ಲಿ ಎರಡು ಜಾತಿ. ಮಾವು, ಬಾಳೆ, ಪರಂಗಿ, ಸೀಬೆ ಕಿತ್ತ ಮೇಲೂ ಹಣ್ಣಾಗುತ್ತವೆ. ಬಲಿತ ಕಾಯಿ ತಂದರೂ ನಡೆಯುತ್ತದೆ. ದ್ರಾಕ್ಷಿ, ಕಿತ್ತಳೆ, ದಾಳಿಂಬೆ, ಅನಾನಸ್, ಕಲ್ಲಂಗಡಿ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ‘ಮನೇಲಿಟ್ರೆ ಸಿಹಿ ಆಗುತ್ತೆ’ ಅಂತ ಯಾರೇ ಹೇಳಿದರೂ ಹುಳಿ ದ್ರಾಕ್ಷಿ ಕೊಳ್ಳಬೇಡಿ. ಕಲ್ಲಂಗಡಿಯನ್ನು ತಟ್ಟಿ ಕೇಳುವವರು ಬಹಳ. ನಾನು ಅದನ್ನು ತಿರುಗಿಸಿ ನೆಲಕ್ಕೆ ತಾಗಿದ್ದ ಜಾಗ ನೋಡುತ್ತೇನೆ. ಅಲ್ಲಿ ಬೆಣ್ಣೆಯಂಥ ಹಳದಿ ಇದ್ದರೆ ಬಳ್ಳಿಯಲ್ಲೇ ಹಣ್ಣಾಗಿದೆ. ಬಿಳಿ ಇದ್ದರೆ ಬೇಗ ಕಿತ್ತಿದ್ದಾರೆ.

ಹೆಜ್ಜೆ 5: ಚೀಲಕ್ಕೆ ಹಾಕುವುದು

ಭಾರದ್ದು ಕೆಳಗೆ, ಸೊಪ್ಪು ಮೇಲೆ, ಟೊಮೆಟೊ ಬುಟ್ಟಿಯಲ್ಲಿ ಬೇರೆ. ಬೆಳೆದವರ ಹತ್ತಿರ ಚೌಕಾಸಿ ಮಾಡಬೇಡಿ. ಜಾಸ್ತಿ ಅನ್ನಿಸಿದರೆ ಕಮ್ಮಿ ಕೊಳ್ಳಿ.

ಹೆಜ್ಜೆ 6: ಮನೆಗೆ ಬಂದ ತಕ್ಷಣ

ಚೀಲವನ್ನು ಮೂಲೆಯಲ್ಲಿಟ್ಟು ಕಾಫಿಗೆ ಕೂತರೆ ಇಷ್ಟು ಹೊತ್ತು ಪಟ್ಟ ಶ್ರಮ ವ್ಯರ್ಥ. ಸೊಪ್ಪಿನ ಕಟ್ಟು ಬಿಚ್ಚಿ, ಕೊಳೆತ ಎಲೆ ತೆಗೆದು, ತೊಳೆಯದೆ ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ಗೆ ಇಡಿ. ಕ್ಯಾರೆಟ್ ಎಲೆ ಕತ್ತರಿಸಿಬಿಡಿ, ಇಲ್ಲದಿದ್ದರೆ ಅದು ಗೆಡ್ಡೆಯ ನೀರನ್ನು ಎಳೆದುಕೊಳ್ಳುತ್ತದೆ. ಟೊಮೆಟೊ ಹೊರಗೇ ಇರಲಿ. ಸುಮಾರು 12 ಡಿಗ್ರಿಗಿಂತ ತಣ್ಣಗಿರುವ ಜಾಗದಲ್ಲಿ ಅದರ ರುಚಿ ಕಡಿಮೆಯಾಗುತ್ತದೆ, ಫ್ರಿಜ್ ಅದಕ್ಕಿಂತ ಎಷ್ಟೋ ತಣ್ಣಗಿರುತ್ತದೆ. ಬಾಳೆ, ಸೇಬು, ಮಾವಿನ ಪಕ್ಕ ಸೊಪ್ಪು, ಸೌತೆ ಇಡಬೇಡಿ. ಹಣ್ಣಾಗುವಾಗ ಅವು ಬಿಡುವ ಎಥಿಲೀನ್ ಅನಿಲಕ್ಕೆ ಹಸಿರೆಲ್ಲ ಹಳದಿಯಾಗುತ್ತದೆ. ಅಕ್ಕನ ಸೊಪ್ಪು ಕೆಟ್ಟದ್ದು ಹಾಗೆಯೇ, ಬಾಳೆಹಣ್ಣಿನ ಜೊತೆ ಒಂದೇ ಚೀಲದಲ್ಲಿ ಒಂದು ರಾತ್ರಿ ಬಿಟ್ಟಿದ್ದಳು.

ತರಕಾರಿ ತೊಳೆಯಲಿಕ್ಕೆ ಅಂತಲೇ ಬಾಟಲಿಯಲ್ಲಿ ಬರುವ ದ್ರಾವಣಗಳಿಗೆ ದುಡ್ಡು ಹಾಕಬೇಡಿ. ಬಳಸುವ ಮುಂಚೆ ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಸಾಕು. ಸೋಪಂತೂ ಮುಟ್ಟಿಸಲೇಬೇಡಿ, ತರಕಾರಿ ಅದನ್ನು ಹೀರಿಕೊಳ್ಳುತ್ತದೆ.

ಯಾವ ಅಂಗಡಿಯದು ಹೇಗಿತ್ತು ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಮುಂದಿನ ವಾರ ಅದೇ ಬೆಳೆಗಾರರಿಗೆ ಹೇಳಿ, ಕೆಟ್ಟದ್ದನ್ನೂ ಹೇಳಿ. ಅಕ್ಕ ಮೊನ್ನೆ ಹಾಗೇ ಹೋಗಿ ಸೌತೆಕಾಯಿ ಕಹಿ ಇತ್ತು ಅಂದಳು. ಬಿಸಿಲು ಜಾಸ್ತಿಯಾಗಿ ಆ ಸಾಲಿಗೆ ನೀರು ಸಾಲಲಿಲ್ಲ, ಅದಕ್ಕೇ ಕಹಿಯಾಗಿದೆ ಅಂತ ಆ ಅಮ್ಮ ಹೇಳಿದರು. ಆಮೇಲೆ ಬೇರೆ ಸಾಲಿನ ಬುಟ್ಟಿಯಿಂದ ಒಂದನ್ನು ಕತ್ತರಿಸಿ, ಮೊದಲು ತಿಂದು ನೋಡು ಅಂತ ಅಕ್ಕನ ಕೈಗೆ ಕೊಟ್ಟರು.