ಹಂದಿಗಳ ಸಾಧನ ಬಳಕೆ ಮತ್ತು ಕಲಿಕೆಯನ್ನು ಗಮನಿಸುವ ಬಗೆ

ಹಂದಿಯೊಂದು ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಓಡಾಡಿದ ಮಾತ್ರಕ್ಕೆ ಅದು ಸಾಧನ ಬಳಸಿತೆಂದು ಬರೆದುಕೊಳ್ಳಬಾರದು. ಹಿಡಿದ ಕಡ್ಡಿಯಿಂದ ಅದು ಮಣ್ಣನ್ನೋ ಬೇರೇನನ್ನೋ ಸರಿಸಬೇಕು ಮತ್ತು ಆ ಚಲನೆ ಒಂದು ಕೆಲಸದ ಭಾಗವಾಗಿ ಮತ್ತೆ ಮತ್ತೆ ಕಾಣಬೇಕು. ಉಳಿದದ್ದನ್ನು ಆಟದ ಪಟ್ಟಿಗೆ ಸೇರಿಸುವುದೇ ಪ್ರಾಮಾಣಿಕ ಕ್ರಮ.

ಹೀಗಾಗಿ ಯಾವಾಗ ನೋಡಬೇಕೆಂಬುದನ್ನು ಮೊದಲು ನಿರ್ಧರಿಸಿಕೊಳ್ಳಿ. ಫಿಲಿಪೈನ್ಸ್ ಮೂಲದ ವಿಸಾಯನ್ ಹಂದಿಗಳ ಒಂದು ಕುಟುಂಬವು ಪ್ಯಾರಿಸ್‌ನ ಮೃಗಾಲಯದಲ್ಲಿ ತೊಗಟೆ ಮತ್ತು ಕಡ್ಡಿಗಳನ್ನು ಬಾಯಲ್ಲಿ ಹಿಡಿದು ಮಣ್ಣು ತೋಡುವುದನ್ನು ಪರಿಸರ ವಿಜ್ಞಾನಿ ಮೆರೆಡಿತ್ ರೂಟ್-ಬರ್ನ್‌ಸ್ಟೈನ್ ಗಮನಿಸಿದ್ದು 2015ರಲ್ಲಿ. ಅದರ ವಿವರ ಪ್ರಕಟವಾದದ್ದು 2019ರಲ್ಲಿ. ಆ ವರ್ತನೆ ಗೂಡು ಕಟ್ಟುವ ಕಾಲಕ್ಕೆ ಹೊಂದಿಕೊಂಡಿತ್ತು. ಸಾಕು ಹಂದಿಯೂ ಮರಿ ಹಾಕುವ ಮುನ್ನಿನ ಒಂದು ದಿನದೊಳಗೆ ಗೂಡು ಕಟ್ಟಲು ತೊಡಗುವುದರಿಂದ, ಆ ಹೊತ್ತಿಗೆ ಸಡಿಲ ಮಣ್ಣು, ಎಲೆ, ನಾನಾ ಅಳತೆಯ ಕಡ್ಡಿಗಳನ್ನು ಒದಗಿಸಿ, ದೂರದಿಂದ ವಿಡಿಯೊ ಚಿತ್ರಿಸುವುದು ಫಲಪ್ರದ. ಕಡ್ಡಿ ಎತ್ತಿಕೊಂಡದ್ದು ಗೂಡಿನ ಯಾವ ಹಂತದಲ್ಲಿ, ಮೂತಿ ಮತ್ತು ಕಾಲುಗಳಿಂದ ಅಗೆಯುವುದಕ್ಕೆ ಮೊದಲೋ ಆಮೇಲೋ ಎಂಬುದನ್ನು ಗುರುತಿಸದ ದಾಖಲೆ ಹೆಚ್ಚು ಕೆಲಸಕ್ಕೆ ಬಾರದು.

ಕಲಿಕೆಯ ಪ್ರಶ್ನೆ ಇನ್ನೂ ಜಟಿಲ. ತಾಯಿ ಮತ್ತು ಮರಿ ಒಂದೇ ರೀತಿ ಅಗೆದರೆ ಅದು ಅನುಕರಣೆಯಿರಬಹುದು, ಹುಟ್ಟಿನಿಂದ ಬಂದದ್ದಿರಬಹುದು, ತಾಯಿ ಮುಟ್ಟಿದ ಜಾಗದತ್ತ ಮರಿಗೆ ಹುಟ್ಟಿದ ಬರೀ ಕುತೂಹಲವೂ ಇರಬಹುದು. ಇವನ್ನು ಬೇರ್ಪಡಿಸಲು, ಎಡಕ್ಕೂ ಬಲಕ್ಕೂ ಸರಿಯುವ ಬಾಗಿಲಿನ ಆಹಾರ ಪೆಟ್ಟಿಗೆಯೊಂದು ಬೇಕು. ಕೆಲವು ಮರಿಗಳಿಗೆ ತಾಯಿ ಬಾಗಿಲನ್ನು ಎಡಕ್ಕೆ ಸರಿಸುವುದನ್ನು, ಕೆಲವಕ್ಕೆ ಬಲಕ್ಕೆ ಸರಿಸುವುದನ್ನು ತೋರಿಸಿ, ಮೂರನೆಯ ಗುಂಪಿಗೆ ಏನನ್ನೂ ತೋರಿಸದಿರಿ. ನೋಡಿದ ದಿಕ್ಕನ್ನೇ ಮರಿಗಳು ಆಯ್ದುಕೊಂಡರೆ ಮಾತ್ರ ಅನುಕರಣೆಯ ವಾದಕ್ಕೆ ಬಲ ಬರುತ್ತದೆ. ತಾಯಿ ಅಥವಾ ಚಿಕ್ಕಮ್ಮನನ್ನು ನೋಡಿ ಕುನೆಕುನೆ ತಳಿಯ ಮರಿಗಳು ಇಂಥ ಪೆಟ್ಟಿಗೆಯನ್ನು ತೆರೆಯುವ ಬಗೆಯನ್ನು ವಿಯೆನ್ನಾದ ಸಂಶೋಧಕರು ಪರೀಕ್ಷಿಸಿದ್ದಾರೆ. ಮರುದಿನ ಮತ್ತೊಮ್ಮೆ ಪರೀಕ್ಷಿಸಿದರೆ ಕಲಿತದ್ದು ನೆನಪಿನಲ್ಲಿದೆಯೇ ಎಂಬುದೂ ತಿಳಿಯುತ್ತದೆ.

ಪರೀಕ್ಷೆಗೆ ಪ್ರತಿ ಮರಿಯನ್ನೂ ಒಂಟಿಯಾಗಿ ಬಿಡಿ. ಆದರೆ ಒಂಟಿತನಕ್ಕೆ ಮೊದಲೇ ಹೊಂದಿಸಿ, ಏಕೆಂದರೆ ಗಾಬರಿಗೊಂಡ ಮರಿ ಪೆಟ್ಟಿಗೆಯತ್ತ ನೋಡುವುದೂ ಇಲ್ಲ. ಗುಂಪಿನಲ್ಲಿ ಬಿಟ್ಟರೆ ಬಲವಾದ ಹಂದಿಯು ಆಹಾರದ ಜಾಗ ಗೊತ್ತಿರುವ ದುರ್ಬಲ ಹಂದಿಯನ್ನು ಹಿಂಬಾಲಿಸಿ ಅದರ ಪಾಲನ್ನು ಕಸಿದುಕೊಳ್ಳಬಹುದು, ಆಗ ಕಲಿತದ್ದು ಯಾರು ಎಂಬುದೇ ಅಸ್ಪಷ್ಟವಾಗುತ್ತದೆ. ಕಡ್ಡಿ ಹಿಡಿಯದ ಹಂದಿಯನ್ನು ಮಂದಬುದ್ಧಿಯದೆಂದು ಗುರುತಿಸಬೇಡಿ: ಅದರ ಮೂತಿಯೇ ಅಗೆಯಲು ರೂಪುಗೊಂಡ ಅಂಗ.