ಮಧುಮೇಹಿಗಳು ಝಿಂಕ್ ಮಾತ್ರೆ ಶುರು ಮಾಡುವ ಮುನ್ನ: ಎರಡು ವರದಿ ಓದುವ ಬಗೆ

ಲಿಪಿಡ್ ಪ್ರೊಫೈಲ್ (ರಕ್ತದ ಕೊಬ್ಬಿನ ಪರೀಕ್ಷೆ) ಮತ್ತು ಝಿಂಕ್ ಪರೀಕ್ಷೆ ಎರಡನ್ನೂ ಒಂದೇ ಬೆಳಿಗ್ಗೆ ಮಾಡಿಸಿ. ರಾತ್ರಿ ಊಟದ ನಂತರ 9ರಿಂದ 12 ಗಂಟೆ ನೀರು ಬಿಟ್ಟು ಬೇರೇನೂ ಬೇಡ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆಯ ಡೋಸನ್ನು ಅಂದು ಏನು ಮಾಡಬೇಕೆಂದು ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಜ್ವರ, ಸೋಂಕು ಇದ್ದರೆ ಮುಂದೂಡಿ. ಆಗ ಝಿಂಕ್ ರಕ್ತದಿಂದ ಯಕೃತ್ತಿಗೆ ಸರಿಯುವುದರಿಂದ ಇಲ್ಲದ ಕೊರತೆ ಇದ್ದಂತೆ ಕಾಣುತ್ತದೆ.

ಕಡುನೀಲಿ ಮುಚ್ಚಳದ, ಸೂಕ್ಷ್ಮ ಖನಿಜಗಳಿಗೆಂದೇ ಇರುವ ಟ್ಯೂಬ್ ಬಳಸುತ್ತಾರೆಯೇ ಎಂದು ಲ್ಯಾಬಿನಲ್ಲಿ ವಿಚಾರಿಸಿ. ಮಾಮೂಲಿ ಟ್ಯೂಬಿನ ರಬ್ಬರ್ ಮುಚ್ಚಳದಿಂದಲೇ ಝಿಂಕ್ ರಕ್ತಕ್ಕೆ ಬೆರೆಯಬಹುದು. ಕೆಂಪು ರಕ್ತಕಣ ಒಡೆದರೂ ಅಂಕಿ ಸುಳ್ಳೇ ಏರುತ್ತದೆ. ಇಷ್ಟು ನಿಗಾ ಇಲ್ಲದ ವರದಿಗೆ ದುಡ್ಡು ದಂಡ.

ಲಿಪಿಡ್ ವರದಿಯಲ್ಲಿ ಎಲ್ಲರ ಕಣ್ಣೂ ಮೊದಲು 'ಕೆಟ್ಟ ಕೊಲೆಸ್ಟ್ರಾಲ್' ಎನ್ನುವ ಎಲ್‌ಡಿಎಲ್ ಮೇಲೆ. ಟೈಪ್ 2 ಮಧುಮೇಹದಲ್ಲಿ ಅದೊಂದೇ ಸಾಲದು. ಇಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಏರಿ, 'ಒಳ್ಳೆಯ ಕೊಲೆಸ್ಟ್ರಾಲ್' ಎನ್ನುವ ಎಚ್‌ಡಿಎಲ್ ಇಳಿಯುವುದೇ ಹೆಚ್ಚು. ಒಟ್ಟು ಕೊಲೆಸ್ಟ್ರಾಲ್ 190, ಎಚ್‌ಡಿಎಲ್ 36, ಟ್ರೈಗ್ಲಿಸರೈಡ್ 260 ಎಂದುಕೊಳ್ಳಿ (ಎಲ್ಲವೂ ಡೆಸಿಲೀಟರಿಗೆ ಮಿಲಿಗ್ರಾಂ). 190ರಿಂದ 36 ಕಳೆದರೆ 154; ಇದು ನಾನ್-ಎಚ್‌ಡಿಎಲ್. ಅದರಿಂದ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ, ಅಂದರೆ 52, ಕಳೆದರೆ ಎಲ್‌ಡಿಎಲ್ 102. ಈ 102 ನೋಡಿ 'ಪರವಾಗಿಲ್ಲ' ಅನ್ನಿಸಬಹುದು, ಆದರೆ 154 ಹಾಗೆ ಅನ್ನಿಸುವ ಅಂಕಿಯಲ್ಲ. ವೈದ್ಯರು ಹೇಳಿದ ಎಲ್‌ಡಿಎಲ್ ಗುರಿಗೆ 30 ಸೇರಿಸಿ, ನಾನ್-ಎಚ್‌ಡಿಎಲ್ ಅದಕ್ಕಿಂತ ಕೆಳಗಿರಬೇಕು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕದ ಎಲ್‌ಡಿಎಲ್ ನಂಬಬೇಡಿ, ನೇರವಾಗಿ ಅಳೆಯಿಸಿ. 500 ದಾಟಿದರೆ ಮೇದೋಜೀರಕ ಗ್ರಂಥಿಯ ಉರಿಯೂತದ ಅಪಾಯವಿದೆ, ತಡ ಮಾಡದೆ ವೈದ್ಯರನ್ನು ಕಾಣಿ.

ಸಕ್ಕರೆ ಹತೋಟಿ ತಪ್ಪಿದಾಗ ಮೂತ್ರದಲ್ಲಿ ಝಿಂಕ್ ಹೆಚ್ಚು ಹೋಗುತ್ತದೆ ನಿಜ. ಹಾಗಾಗಿ ಸಕ್ಕರೆ ಹತೋಟಿಗೆ ತರುವುದೇ ಮೊದಲ ಕೆಲಸ. ಕೊರತೆ ಖಚಿತವಾಗಿ ಮಾತ್ರೆ ಬರೆದುಕೊಟ್ಟರೆ ಚೀಟಿಯಲ್ಲಿ ಲವಣದ ತೂಕವನ್ನಲ್ಲ, ಶುದ್ಧ ಝಿಂಕ್ ಎಷ್ಟೆಂದು ನೋಡಿ: 220 ಮಿಲಿಗ್ರಾಂ ಝಿಂಕ್ ಸಲ್ಫೇಟಿನಲ್ಲಿ ಇರುವುದು ಸುಮಾರು 50 ಮಿಲಿಗ್ರಾಂ. ವಯಸ್ಕರಿಗೆ ಊಟವೂ ಸೇರಿ ದಿನದ ಮೇಲ್ಮಿತಿ 40, ಅಂದರೆ ಅಂಥ ಒಂದೇ ಮಾತ್ರೆ ಗಡಿ ದಾಟಿಸುತ್ತದೆ. ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಹೀಗೆ ನುಂಗಿದರೆ ಕರುಳು ತಾಮ್ರವನ್ನು ಹೀರಿಕೊಳ್ಳುವುದು ಕುಗ್ಗುತ್ತದೆ, ಎಚ್‌ಡಿಎಲ್ ಇನ್ನೂ ಇಳಿಯಬಹುದು, ರಕ್ತಹೀನತೆ ಬರಬಹುದು. ಪಾದ ಜೋಮು ಹಿಡಿಯುವುದೂ ಉಂಟು. ಅದನ್ನು ಸಕ್ಕರೆಯ ನರದೋಷವೆಂದೇ ತಿಳಿದು ಮಾತ್ರೆ ಮುಂದುವರಿಸುವುದು ದೊಡ್ಡ ಎಡವಟ್ಟು.

ಝಿಂಕಿನಂತೆಯೇ ಸೂಕ್ಷ್ಮ ಖನಿಜವಾದ ಕ್ರೋಮಿಯಂ ಪರೀಕ್ಷೆಗೆ ಖರ್ಚು ಬೇಡ, ರಕ್ತದ ಅಂಕಿ ದೇಹದ ದಾಸ್ತಾನು ತಿಳಿಸುವುದಿಲ್ಲ. ಕೊರತೆಯಿಲ್ಲದವರು ಇಂಥದೇ ಇನ್ನೊಂದು ಖನಿಜವಾದ ಸೆಲೆನಿಯಂ ಮಾತ್ರೆ ಮುಟ್ಟದಿರುವುದೇ ಲೇಸು.

ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದಿದ್ದರೆ ಝಿಂಕ್ ಸಿಕ್ಕಿತೆಂದು ಅದನ್ನು ಬಿಡಬೇಡಿ. ಸ್ಟ್ಯಾಟಿನ್ ಶುರು ಮಾಡಿದ 4ರಿಂದ 12 ವಾರದೊಳಗೆ ಲಿಪಿಡ್ ಮತ್ತೆ ಮಾಡಿಸಿ, ಅದೇ ಲ್ಯಾಬಿನಲ್ಲಿ.