ಸ್ಯಾಕ್ ಲೆಕ್ಕದಾಚೆ: ಎನ್‌ಎಫ್‌ಎಲ್ ಆಫೆನ್ಸಿವ್ ಲೈನನ್ನು ಅಳೆಯುವ ಬಗೆ

2021ರ ಫೆಬ್ರವರಿ 7ರಂದು ಟ್ಯಾಂಪಾದಲ್ಲಿ ನಡೆದ ಎನ್‌ಎಫ್‌ಎಲ್ (ಅಮೆರಿಕನ್ ಫುಟ್‌ಬಾಲ್ ಲೀಗ್) ಫೈನಲ್ ಆದ 55ನೆಯ ಸೂಪರ್ ಬೌಲ್‌ನ ಅಂಕಪಟ್ಟಿಯಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವ ಆಟಗಾರ) ಪ್ಯಾಟ್ರಿಕ್ ಮಹೋಮ್ಸ್ ಸ್ಯಾಕ್ ಆದದ್ದು, ಅಂದರೆ ಚೆಂಡು ಎಸೆಯುವ ಮೊದಲೇ ನೆಲಕ್ಕೆ ಬಿದ್ದದ್ದು, 3 ಸಲ ಮಾತ್ರ. ಯಾವ ತಂಡಕ್ಕಾದರೂ ಅದು ಸಾಧಾರಣವಾದ ಸಂಖ್ಯೆ. ಆದರೆ ಇಎಸ್‌ಪಿಎನ್ ಲೆಕ್ಕದಂತೆ ಆ ರಾತ್ರಿ ಅವರ ಮೇಲೆ ಒತ್ತಡ ಬಿದ್ದದ್ದು 29 ಸಲ; ಅದು ಸೂಪರ್ ಬೌಲ್ ದಾಖಲೆ. ಗಾಯದಿಂದಾಗಿ ಎರಿಕ್ ಫಿಷರ್ ಮತ್ತು ಮಿಚೆಲ್ ಶ್ವಾರ್ಟ್ಸ್ ಎಂಬ ಇಬ್ಬರು ಕಾಯಂ ಟ್ಯಾಕಲ್‌ಗಳೂ (ಲೈನಿನ ಎರಡು ತುದಿಗಳಲ್ಲಿ ನಿಲ್ಲುವವರು) ಆಡಿರಲಿಲ್ಲ, ಮತ್ತು ಒಂದು ಟಚ್‌ಡೌನ್ ಕೂಡ ಗಳಿಸಲಾಗದೆ ಚೀಫ್ಸ್ 31–9ರಿಂದ ಸೋತಿತು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಐವರ ಸಾಲಾದ ಆಫೆನ್ಸಿವ್ ಲೈನಿನ ಆಟವನ್ನು ಸ್ಯಾಕ್‌ಗಳಿಂದ ಅಳೆಯಲು ಹೊರಡುವವರು ಮೊದಲು ನೋಡಬೇಕಾದದ್ದು ಈ ಪಂದ್ಯವನ್ನು.

ಲೀಗ್ ಸ್ಯಾಕನ್ನು ಅಧಿಕೃತ ಅಂಕಿಅಂಶವಾಗಿ ಎಣಿಸತೊಡಗಿದ್ದು 1982ರಿಂದ. ಅದೂ ಸ್ಯಾಕ್ ಮಾಡಿದ ಡಿಫೆಂಡರ್ ಹೆಸರಿಗೆ ಸೇರುತ್ತದೆಯೇ ಹೊರತು, ಅದು ಯಾವ ಲೈನ್‌ಮನ್‌ನ ತಪ್ಪಿನಿಂದಾಯಿತು ಎಂಬುದನ್ನು ಲೀಗ್ ದಾಖಲಿಸುವುದಿಲ್ಲ. ಆದ್ದರಿಂದ ಯಾರಾದರೂ ಒಬ್ಬ ಟ್ಯಾಕಲ್ ಇಷ್ಟು ಸ್ಯಾಕ್ ಬಿಟ್ಟುಕೊಟ್ಟ ಎಂದು ಬರೆದಿದ್ದರೆ, ಅದು ವಿಡಿಯೊ ನೋಡಿದ ಒಬ್ಬರ ತೀರ್ಪು ಎಂದೇ ತಿಳಿಯಬೇಕು.

ಹಾಗಾಗಿ ಮೊದಲ ಕೆಲಸ ಹೊಣೆಯನ್ನು ಹಂಚುವುದು. ಸ್ನ್ಯಾಪ್ ಆದ (ಚೆಂಡನ್ನು ಹಿಂದಕ್ಕೆ ಕೊಟ್ಟು ಪ್ಲೇ ಶುರುವಾದ) ಕ್ಷಣದಿಂದ ಸೆಕೆಂಡುಗಳನ್ನು ಎಣಿಸಿ. ಎರಡೂವರೆ ಸೆಕೆಂಡಿನೊಳಗೆ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನ ಮೈಮೇಲೆ ಬಿದ್ದರೆ, ಸಾಮಾನ್ಯವಾಗಿ ಅದು ಬ್ಲಾಕಿಂಗ್‌ನ (ಎದುರಾಳಿಯನ್ನು ತಡೆಯುವ ಕೆಲಸದ) ಸೋಲು. ಚೆಂಡನ್ನು ನಾಲ್ಕು ಸೆಕೆಂಡು ಹಿಡಿದುಕೊಂಡು ಪಾಕೆಟ್‌ನಲ್ಲಿ (ಲೈನ್ ಕಾಯುವ ಜಾಗದಲ್ಲಿ) ಹಿಂದೆ ಹಿಂದೆ ಸರಿದ ಕ್ವಾರ್ಟರ್‌ಬ್ಯಾಕ್ ಬಿದ್ದರೆ, ಆ ಸ್ಯಾಕನ್ನು ಟ್ಯಾಕಲ್‌ನ ಖಾತೆಗೆ ಹಾಕುವುದು ಅನ್ಯಾಯ. ಕ್ವಾರ್ಟರ್‌ಬ್ಯಾಕ್ ಪೇಯ್ಟನ್ ಮ್ಯಾನಿಂಗ್ ವೃತ್ತಿಜೀವನದುದ್ದಕ್ಕೂ ಕಡಿಮೆ ಸ್ಯಾಕ್ ಆದದ್ದಕ್ಕೆ ಅವರ ಮುಂದಿದ್ದ ಲೈನಿನಷ್ಟೇ ಚೆಂಡನ್ನು ಬೇಗ ಬಿಡುವ ಅವರ ಅಭ್ಯಾಸವೂ ಕಾರಣ. ಇದಕ್ಕೆ ವಿರುದ್ಧವಾಗಿ, 2021ರ ಋತುವಿನಲ್ಲಿ ಸಿನ್ಸಿನಾಟಿ ಬೆಂಗಲ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜೋ ಬರೋ 51 ಸಲ ಸ್ಯಾಕ್ ಆದರು, ಲೀಗ್‌ನಲ್ಲೇ ಅತಿ ಹೆಚ್ಚು. ಟೆನೆಸೀ ಎದುರಿನ ಪ್ಲೇಆಫ್ ಪಂದ್ಯದಲ್ಲಿ 9 ಸ್ಯಾಕ್ ಆಗಿಯೂ ಬೆಂಗಲ್ಸ್ 19–16ರಿಂದ ಗೆದ್ದಿತು. ಆ ಲೈನ್ ದುರ್ಬಲವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ದೂರದ ಪಾಸಿಗಾಗಿ ಬರೋ ಕಾಯುತ್ತಿದ್ದುದೂ ಅಷ್ಟೇ ನಿಜ.

ಎರಡನೆಯದು, ನೋಡುವ ಕೋನ. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ಲೈನಿನವರು ಮಾಡಬೇಕಾದ ಕೆಲಸ ಮುಗಿಯುವ ಮೊದಲೇ ಅವರನ್ನು ಚೌಕಟ್ಟಿನಿಂದ ಹೊರಗೆ ಬಿಡುತ್ತದೆ. ಆದ್ದರಿಂದ 22 ಆಟಗಾರರೂ ಕಾಣುವ ‘ಆಲ್-22’ ವಿಡಿಯೊವನ್ನು, ಅದರಲ್ಲೂ ಎಂಡ್ ಝೋನ್ (ಮೈದಾನದ ತುದಿ) ಹಿಂದಿನಿಂದ ತೆಗೆದ ದೃಶ್ಯವನ್ನು ನೋಡಬೇಕು. ಒಂದೇ ಪ್ಲೇಯನ್ನು ಮರುಕಳಿಸಿ, ಪ್ರತಿ ಸಲವೂ ಒಬ್ಬನನ್ನು ಮಾತ್ರ ಹಿಂಬಾಲಿಸಿ. ಬೇಸರದ ಕೆಲಸ ನಿಜ, ಆದರೆ ಇದಕ್ಕೆ ಅಡ್ಡದಾರಿಯಿಲ್ಲ. ಟ್ಯಾಕಲ್‌ನಲ್ಲಿ ಮೊದಲು ಕಾಲುಗಳನ್ನು ನೋಡಿ: ಹಿಂದಕ್ಕೆ ಜಾರುವಾಗ ಹೆಜ್ಜೆ ಅಳತೆ ತಪ್ಪದೆ ಬೀಳುತ್ತದೆಯೇ, ಹೊರಗಿನ ವೇಗಕ್ಕೆ ಹೆದರಿ ಒಳಗಿನ ದಾರಿಯನ್ನು ತೆರೆದುಬಿಡುತ್ತಾನೆಯೇ? ಆಮೇಲೆ ಕೈಗಳು: ಎದುರಾಳಿಯ ಎದೆಗೆ ಮೊದಲು ತಾಗುವವು ಯಾರವು? ಟ್ಯಾಕಲ್‌ಗಳ ಒಳಬದಿಯ ಗಾರ್ಡ್ ಮತ್ತು ನಟ್ಟನಡುವಿನ ಸೆಂಟರ್ ವಿಷಯದಲ್ಲಿ ಸೊಂಟ ಮುಖ್ಯ. ನೇರವಾಗಿ ನುಗ್ಗಿಬರುವ ‘ಬುಲ್ ರಶ್’ಗೆ ಒಂದೆರಡು ಹೆಜ್ಜೆ ಹಿಂದೆ ಸರಿದರೂ ಸೊಂಟವನ್ನು ತಗ್ಗಿಸಿ ಮತ್ತೆ ನೆಲ ಹಿಡಿದರೆ ಅದು ಗೆಲುವು, ನೆಟ್ಟಗೆ ನಿಂತು ಕ್ವಾರ್ಟರ್‌ಬ್ಯಾಕ್‌ನ ಮಡಿಲಿಗೆ ಹೋಗಿ ಬಿದ್ದರೆ, ಸ್ಯಾಕ್ ಆಗದಿದ್ದರೂ ಸೋಲು.

ಯಾರಿಗೆ ನೆರವಿತ್ತು ಎಂಬುದನ್ನೂ ಬರೆದುಕೊಳ್ಳಬೇಕು. ಸೆಂಟರ್ ಎಡಕ್ಕೆ ಸರಿದರೆ ಎಡ ಗಾರ್ಡ್‌ಗೆ ಜೊತೆಗಾರ ಸಿಗುತ್ತಾನೆ, ಬಲ ಟ್ಯಾಕಲ್ ಬಹುಶಃ ಒಂಟಿಯಾಗುತ್ತಾನೆ. ಲೈನಿನ ಪಕ್ಕದ ಟೈಟ್ ಎಂಡ್ ಅಥವಾ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್ ಹೋಗುವ ದಾರಿಯಲ್ಲಿ ಎದುರಾಳಿಗೆ ಒಂದು ಭುಜ ಕೊಟ್ಟರೂ ಟ್ಯಾಕಲ್‌ನ ಕೆಲಸ ಅರ್ಧ ಹಗುರಾಗುತ್ತದೆ. ಇಡೀ ಪಂದ್ಯ ಒಂಟಿಯಾಗಿ ನಿಂತು ಎರಡು ಸಲ ಸೋತವನನ್ನು, ನೆರವಿದ್ದೂ ಒಮ್ಮೆ ಸೋತವನಿಗಿಂತ ಕೆಳಗೆ ಕೂರಿಸುವುದು ಸರಿಯಲ್ಲ.

ಐವರನ್ನೂ ಬಿಡಿಬಿಡಿಯಾಗಿ ನೋಡಿದ ಮೇಲೆ ಒಟ್ಟಾಗಿ ನೋಡಬೇಕು, ಏಕೆಂದರೆ ಕಬಡ್ಡಿಯಲ್ಲಿ ಕೈ ಹಿಡಿದ ಸರಪಳಿಯ ಹಾಗೆ ಇಲ್ಲೂ ಒಬ್ಬನ ಹಿಡಿತ ತಪ್ಪಿದರೆ ಉಳಿದ ನಾಲ್ವರ ಶ್ರಮ ನೀರುಪಾಲು. ಇದನ್ನು ಪರೀಕ್ಷಿಸಲು ಅತ್ಯುತ್ತಮ ಕ್ಷಣ ಎದುರಾಳಿಗಳು ಸ್ಥಾನ ಅದಲುಬದಲಿಸಿ ನುಗ್ಗುವ ‘ಸ್ಟಂಟ್’: ಗಾರ್ಡ್ ತನ್ನವನನ್ನು ಟ್ಯಾಕಲ್‌ಗೆ ಒಪ್ಪಿಸಿ, ಸುತ್ತಿ ಬರುವವನನ್ನು ಹೊತ್ತಿಗೆ ಸರಿಯಾಗಿ ಹಿಡಿಯುತ್ತಾನೆಯೇ, ಇಲ್ಲವೇ ಇಬ್ಬರೂ ಒಬ್ಬನ ಹಿಂದೆಯೇ ಹೋಗುತ್ತಾರೆಯೇ? 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಗಾರ್ಡ್ ಆಗಿ ಹೆಸರು ಮಾಡಿದ್ದ ಜೋ ತೂನಿ ಚೀಫ್ಸ್‌ಗಾಗಿ ಎಡ ಟ್ಯಾಕಲ್ ಆಡಬೇಕಾಗಿ ಬಂದಿತ್ತು. ಒಬ್ಬನನ್ನು ಸರಿಸಿದಾಗ ದುರ್ಬಲವಾಗುವುದು ಎರಡು ಸ್ಥಾನಗಳು. ಫಿಲಡೆಲ್ಫಿಯಾ ಈಗಲ್ಸ್ ಹೆಚ್ಚುವರಿ ಜನರನ್ನು ನುಗ್ಗಿಸದೆ, ಮುಂದಿನ ನಾಲ್ವರನ್ನೇ ನೆಚ್ಚಿಕೊಂಡು ಮಹೋಮ್ಸ್‌ರನ್ನು 6 ಸಲ ಸ್ಯಾಕ್ ಮಾಡಿ 40–22ರಿಂದ ಗೆದ್ದಿತು. ನಾಲ್ವರ ವಿರುದ್ಧ ಐವರು ಸೋತರೆ ಅದಕ್ಕೆ ನೆಪ ಹೇಳುವುದು ಕಷ್ಟ. ಹೆಚ್ಚುವರಿ ಜನರು ನುಗ್ಗುವ ಬ್ಲಿಟ್ಜ್‌ನಿಂದ ಬಂದ ಸ್ಯಾಕ್ ಹಾಗಲ್ಲ, ಅಲ್ಲಿ ಬ್ಲಾಕ್ ಮಾಡುವವರಿಗಿಂತ ನುಗ್ಗುವವರೇ ಹೆಚ್ಚಿರಬಹುದು.

ಓಟಗಾರನಿಗೆ ದಾರಿ ಮಾಡಿಕೊಡುವ ರನ್ ಬ್ಲಾಕಿಂಗ್‌ನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಓಟಗಾರನನ್ನು ಮೊದಲ ಡಿಫೆಂಡರ್ ಮುಟ್ಟಿದ್ದು ಎಲ್ಲಿ? 2024ರಲ್ಲಿ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿ 2,005 ಗಜ ಓಡಿದರು. ಅದರಲ್ಲಿ ಲೈನಿನ ಪಾಲೆಷ್ಟು, ಅವರ ಕಾಲಿನ ಪಾಲೆಷ್ಟು? ಫುಟ್‌ಬಾಲ್ ಔಟ್‌ಸೈಡರ್ಸ್ ಎಂಬ ವಿಶ್ಲೇಷಣಾ ತಾಣ ರೂಪಿಸಿದ ‘ಅಡ್ಜಸ್ಟೆಡ್ ಲೈನ್ ಯಾರ್ಡ್ಸ್’ ಇದಕ್ಕೆ ಒಂದು ಸರಳ ಉಪಾಯ ಕೊಟ್ಟಿದೆ: ಹಿಂದಕ್ಕೆ ಕಳೆದುಕೊಂಡ ಗಜಗಳಿಗೆ 120 ಪ್ರತಿಶತ ತೂಕ, ಮೊದಲ 4 ಗಜಗಳಿಗೆ ಪೂರ್ಣ, 5ರಿಂದ 10ರವರೆಗೆ ಅರ್ಧ, ಅದರಾಚೆಗೆ ಸೊನ್ನೆ. ಅಂದರೆ 60 ಗಜದ ಓಟವೂ ಲೈನಿಗೆ 7 ಗಜ ಮಾತ್ರ ಕೊಡುತ್ತದೆ. ನನಗೆ ಇದು ನ್ಯಾಯವಾದ ತಕ್ಕಡಿಯಾಗಿಯೇ ಕಾಣುತ್ತದೆ, ಆದರೂ ಪೂರ್ಣವಲ್ಲ. ಸ್ವತಃ ಓಡಬಲ್ಲ ಜೇಲನ್ ಹರ್ಟ್ಸ್‌ರಂಥ ಕ್ವಾರ್ಟರ್‌ಬ್ಯಾಕ್ ಇದ್ದರೆ ಅವರನ್ನು ಕಾಯಲೆಂದೇ ಒಬ್ಬ ಡಿಫೆಂಡರ್ ನಿಂತುಬಿಡುತ್ತಾನೆ, ಅವನನ್ನು ಯಾರೂ ಬ್ಲಾಕ್ ಮಾಡಬೇಕಿಲ್ಲ. ಕಣ್ಣಿನಿಂದ ನೋಡುವಾಗ ಜೋಡಿ ಬ್ಲಾಕ್‌ಗಳಿಗೆ ಹೆಚ್ಚು ಸಮಯ ಕೊಡಿ: ಇಬ್ಬರೂ ಸೇರಿ ಮುಂದಿನವನನ್ನು ತಳ್ಳಿ, ಅವರಲ್ಲೊಬ್ಬ ಬೇಗ ಕಳಚಿಕೊಂಡು ಹಿಂದಿನ ಲೈನ್‌ಬ್ಯಾಕರ್‌ನನ್ನು ತಲುಪಿದರೆ ಮಾತ್ರ ಕೆಲಸ ಪೂರ್ತಿಯಾಗುತ್ತದೆ.

ಸಿದ್ಧ ಅಂಕಿಗಳನ್ನು ನೋಡುವುದು ಇಷ್ಟಾದ ಮೇಲೆ. ಇಎಸ್‌ಪಿಎನ್‌ನ ‘ಪಾಸ್ ಬ್ಲಾಕ್ ವಿನ್ ರೇಟ್’ ಆಟಗಾರರ ಚಲನೆಯ ದತ್ತಾಂಶದಿಂದ, ಬ್ಲಾಕ್ 2.5 ಸೆಕೆಂಡು ನಿಂತಿತೇ ಎಂದು ಕೇಳುತ್ತದೆ. ಕೂದಲೆಳೆಯಲ್ಲಿ ಸೋತವನೂ ಕ್ಷಣಾರ್ಧದಲ್ಲಿ ಸೋತವನೂ ಅಲ್ಲಿ ಒಂದೇ. ಪ್ರೊ ಫುಟ್‌ಬಾಲ್ ಫೋಕಸ್ ಎಂಬ ವಿಶ್ಲೇಷಣಾ ಸಂಸ್ಥೆ ಪ್ರತಿ ಪ್ಲೇಗೂ −2ರಿಂದ +2ರವರೆಗೆ ಅರ್ಧ ಅಂಕದ ಮೆಟ್ಟಿಲುಗಳಲ್ಲಿ ಗ್ರೇಡ್ ಕೊಡುತ್ತದೆ, ಆದರೆ ಗ್ರೇಡ್ ಕೊಡುವವರಿಗೆ ತಂಡದ ಒಳಗಿನ ಸೂಚನೆ ಗೊತ್ತಿರುವುದಿಲ್ಲ. ಎರಡೂ ಒಬ್ಬನ ಬಗ್ಗೆ ಒಂದೇ ಮಾತು ಹೇಳಿದರೆ ನಂಬಬಹುದು; ಭಿನ್ನವಾದರೆ ವಿಡಿಯೊಗೆ ಮರಳಬೇಕು. ಹೋಲ್ಡಿಂಗ್‌ಗೆ (ಎದುರಾಳಿಯನ್ನು ಹಿಡಿದುಕೊಳ್ಳುವುದು) 10, ಫಾಲ್ಸ್ ಸ್ಟಾರ್ಟ್‌ಗೆ (ಸ್ನ್ಯಾಪ್‌ಗೆ ಮೊದಲೇ ಕದಲುವುದು) 5 ಗಜ ದಂಡ. ಇವು ಅಧಿಕೃತ ದಾಖಲೆಯಲ್ಲೇ ಸಿಗುತ್ತವೆ.

ತಂಡದ ಫಲಿತಾಂಶವನ್ನು ಲೈನ್‌ಮನ್‌ನ ತಲೆಗೆ ಕಟ್ಟಬೇಡಿ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಎಡ ಟ್ಯಾಕಲ್ ಜೋ ಥಾಮಸ್ 2007ರಿಂದ 2017ರವರೆಗೆ ಸತತ 10,363 ಸ್ನ್ಯಾಪ್ ಆಡಿದರು; ಆ ಅವಧಿಯಲ್ಲಿ ಬ್ರೌನ್ಸ್ ಒಮ್ಮೆಯೂ ಪ್ಲೇಆಫ್ ಮುಟ್ಟಲಿಲ್ಲ, ಆದರೂ 2023ರಲ್ಲಿ ಅವರು ಹಾಲ್ ಆಫ್ ಫೇಮ್ ಸೇರಿದರು.

ಕೊನೆಗೆ, ಟಿಪ್ಪಣಿ ಪುಸ್ತಕದಲ್ಲಿ ‘ಗೆಲುವು’, ‘ಸೋಲು’ ಎಂಬ ಕಾಲಮ್‌ಗಳ ಪಕ್ಕದಲ್ಲಿ ‘ಗೊತ್ತಾಗಲಿಲ್ಲ’ ಎಂಬ ಮೂರನೆಯದನ್ನೂ ಎಳೆಯಿರಿ. ಇಬ್ಬರ ನಡುವಿನಿಂದ ಯಾರೂ ತಡೆಯದೆ ನುಗ್ಗಿದ ಡಿಫೆಂಡರ್ ಗಾರ್ಡ್‌ನ ಪಾಲೋ ಸೆಂಟರ್‌ನ ಪಾಲೋ ಎಂಬುದು ಹೊರಗಿನವರಿಗೆ ಮೊದಲ ನೋಟಕ್ಕೆ ತಿಳಿಯುವುದು ಅಪರೂಪ. ಬೇರೆ ಬೇರೆ ಎದುರಾಳಿಗಳ ವಿರುದ್ಧ ನಾಲ್ಕೈದು ಪಂದ್ಯಗಳನ್ನು ನೋಡಿದ ಮೇಲೆ ತಂಡ ಯಾವ ವ್ಯೂಹಕ್ಕೆ ಯಾವ ಕಡೆ ಸರಿಯುತ್ತದೆಂಬುದು ತಿಳಿಯತೊಡಗುತ್ತದೆ. ಆಗ ಮೂರನೆಯ ಕಾಲಮ್‌ನ ಎಷ್ಟೋ ಪ್ಲೇಗಳನ್ನು ಮೊದಲೆರಡಕ್ಕೆ ಸರಿಸಬಹುದು.